ಒಂಬತ್ತನೇ ಬಿಲ್ಲೆ

ನಾಲ್ಕು ದಿನದಿಂದ ಬಿಟ್ಟೂ ಬಿಡದೆ ಸುರಿಯುತ್ತಿದ್ದ ಮಳೆ ಐದನೆಯ ದಿನ ಸಂಜೆಗೆ ಇನ್ನಷ್ಟು ಜೋರಾಗಿ, ಏಳು ಗಂಟೆಯ ಹೊತ್ತಿಗೆ ಕರೆಂಟನ್ನೂ ಜೊತೆಗೆ ಕರೆದುಕೊಂಡು ಹೋಯಿತು. ನಮ್ಮ ಕಾಂಪೌಂಡಿನೊಳಗೆ ಮೂರು ಕಟ್ಟಡಗಳಿವೆ. ಎದುರಿಗೆ ಫೈರ್ ಸ್ಟೇಷನ್, ಪಕ್ಕದಲ್ಲಿ ಪೊಲೀಸ್ ಠಾಣೆ, ಹಿಂದುಗಡೆ ನಮ್ಮ ಆಂಬುಲೆನ್ಸ್ ಕೋಣೆ. ಮೂರಕ್ಕೂ ಸೇರಿ ಚಹಾದ ಅಡುಗೆಮನೆ ಒಂದೇ. ಜಗಳ ಶುರುವಾಗುವುದೂ ಅಲ್ಲೇ, ಮುಗಿಯುವುದೂ ಅಲ್ಲೇ. ನಾನು ಆಂಬುಲೆನ್ಸಿನ ನರ್ಸ್ ಆಗಿ ಬಂದು ಎಂಟು ತಿಂಗಳಾಗಿತ್ತು. ಅಷ್ಟರಲ್ಲಿ ಎರಡು ಜಗಳ ನೋಡಿದ್ದೆ, ಒಂದರಲ್ಲಿ ಭಾಗವಹಿಸಿಯೂ ಇದ್ದೆ.

ಆ ದಿನ ಮಾತ್ರ ಜಗಳಕ್ಕೆ ಯಾರಿಗೂ ಮನಸ್ಸಿರಲಿಲ್ಲ. ಬೆಳಗಿನಿಂದ ಹೊಳೆದಂಡೆಯ ಕೇರಿಯಲ್ಲಿ ಸೊಂಟದ ನೀರಲ್ಲಿ ನಿಂತು ನಲವತ್ತೊಂದು ಜನರನ್ನು ದೋಣಿ ಹತ್ತಿಸಿ ಬಂದಿದ್ದೆವು. ಒಬ್ಬರಿಗೂ ಏನೂ ಆಗಿರಲಿಲ್ಲ. ಒಂದು ಮುದುಕಿ ತನ್ನ ಹೊಲಿಗೆ ಯಂತ್ರ ಬಿಟ್ಟು ಬರುವುದಿಲ್ಲವೆಂದು ಹಟ ಹಿಡಿದದ್ದಕ್ಕೆ ಕಾನ್‌ಸ್ಟೆಬಲ್ ಅದನ್ನು ತಲೆಯ ಮೇಲೆ ಹೊತ್ತು ತಂದಿದ್ದ, ಸಂಜೆಯಿಡೀ ಎಲ್ಲರೂ ಅವನನ್ನು ‘ಟೈಲರ್ ಸಾಹೇಬ್ರೇ’ ಎಂದು ಕರೆಯುತ್ತಿದ್ದರು. ಒದ್ದೆ ಬೂಟುಗಳನ್ನು ಸಾಲಾಗಿ ಇಟ್ಟು, ಅಗ್ನಿಶಾಮಕ ವಾಹನ ನಿಲ್ಲುವ ಶೆಡ್ಡಿನಲ್ಲಿ ಬೆಂಚುಗಳನ್ನು ಎಳೆದುಕೊಂಡು, ಒಂದು ಲಾಂದ್ರದ ಸುತ್ತ ಚಹಾ ಹಿಡಿದು ಕೂತಿದ್ದೆವು.

ಅಷ್ಟರಲ್ಲಿ ಮಳೆಯನ್ನು ಸೀಳಿಕೊಂಡು ಒಂದು ಕೊಡೆ ಬಂತು. ಕೊಡೆಯ ಕೆಳಗೆ ಪಂಪ್ ತಾತ.

ಪಂಪ್ ತಾತ ಎಂದರೆ ಈ ಸ್ಟೇಷನ್ನಿನಲ್ಲಿ ಮೂವತ್ತು ವರ್ಷ ನೀರಿನ ಪಂಪು ನಡೆಸಿ ನಿವೃತ್ತರಾದವರು. ಎಂಬತ್ತು ದಾಟಿದೆ. ಬಂದವರೇ ಕೊಡೆ ಮಡಚಿ, ಒಳ್ಳೆಯ ಬೆಂಚು ಯಾರದೆಂದು ನೋಡಿ ಅವರನ್ನು ಎಬ್ಬಿಸಿ ಅಲ್ಲಿ ಕೂತರು. ಅಂಗಿಯ ಒಳಗಿಂದ ಒಂದು ಸಣ್ಣ ತಗಡಿನ ಡಬ್ಬಿ ತೆಗೆದು ತೊಡೆಯ ಮೇಲಿಟ್ಟುಕೊಂಡರು.

“ಇಂಥಾ ಮಳೇಲಿ ಯಾಕೆ ಬಂದ್ರಿ ತಾತ? ಬಿದ್ದು ಸೊಂಟ ಮುರ್ಕೊಂಡ್ರೆ ನಾವೇ ತಾನೇ ಹೊರಬೇಕು?” ಎಂದೆ.

“ಹೊರೋಕೇ ತಾನೇ ನಿನಗೆ ಸಂಬಳ ಕೊಡೋದು?” ಎಂದರು. “ಎಲ್ಲರೂ ಇದ್ದೀರಾ? ಪಂಪಿನ ಹುಡುಗಿ ಎಲ್ಲಿ?”

ಪಂಪಿನ ಹುಡುಗಿ ಎಂದರೆ ಈಗ ಅವರ ಜಾಗದಲ್ಲಿರುವವಳು. ಅವಳು ವಾಹನದ ಹಿಂದಿನಿಂದ ಕೈಯೆತ್ತಿದಳು.

“ಹತ್ತಿರ ಬಾ. ನೀನು ಕೇಳಲೇಬೇಕು. ಇವತ್ತು ಒಂದು ದೆವ್ವದ ಕತೆ ಹೇಳ್ತೀನಿ. ನಗೋರು ಈಗಲೇ ನಕ್ಕು ಮುಗಿಸಿ.”

ನಾವು ನಕ್ಕೆವು. ತಾತ ಸುಮ್ಮನೆ ಕಾದರು. ನಗು ಮುಗಿದ ಮೇಲೆ ಶುರು ಮಾಡಿದರು.

*

ಬೆಂಕಿ ಎಲ್ಲರೂ ನೋಡಿರ್ತೀರ... ಹೊಗೆ ನೋಡಿದ್ದೀರಾ? ಹೊಗೇನ ನೋಡೋಕೇ ಆಗಲ್ಲ ಕಣ್ರಪ್ಪ, ಅದರೊಳಗೆ ಹೋದ್ಮೇಲೆ ನೋಡೋದು ಅನ್ನೋದೇ ಮುಗಿದುಹೋಗುತ್ತೆ, ನಿಮ್ಮ ಕೈ ನಿಮ್ಮ ಮೂಗಿನ ಮುಂದಿದ್ರೂ ಕಾಣಲ್ಲ, ಬಾಗಿಲು ಎಲ್ಲಿ, ಗೋಡೆ ಎಲ್ಲಿ, ಯಾವ ಕಡೆಯಿಂದ ಬಂದೆ, ಒಂದೂ ಗೊತ್ತಾಗಲ್ಲ. ಆವಾಗ ಏನು ಗತಿ? ಪೈಪೇ ಗತಿ. ನೀರಿನ ಪೈಪು ಹಿಡ್ಕೊಂಡು ಒಳಗೆ ಹೋಗಿರ್ತೀವಲ್ಲ, ಅದನ್ನೇ ಹಿಡ್ಕೊಂಡು ಹೊರಗೆ ಬರಬೇಕು. ಎರಡು ಪೈಪು ಸೇರೋ ಕಡೆ ಹಿತ್ತಾಳೆ ಗಂಟು ಇರುತ್ತೆ, ಗಂಟಿಗೆ ಎರಡು ಕಿವಿ ಇರುತ್ತೆ, ಕಿವಿ ಯಾವ ಕಡೆಗಿದೆಯೋ ಆ ಕಡೆ ಹೊರಬಾಗಿಲು. ಕಣ್ಣು ಮುಚ್ಚಿ ಕೈಯಲ್ಲಿ ತಡವಿದ್ರೂ ತಿಳಿಯುತ್ತೆ. ಆ ಪೈಪು ಕೈಬಿಟ್ಟೆಯೋ... ಬಿಟ್ಟ ಹಾಗೇ.

ಇನ್ನೊಂದು ಬೋರ್ಡು. ಈಗಲೂ ಗಾಡಿಯ ಆ ಮಗ್ಗುಲಲ್ಲಿ ಪಂಪಿನ ಪಕ್ಕದಲ್ಲೇ ಇದೆ, ಮರದ ಹಲಗೆ, ಹನ್ನೆರಡು ಮೊಳೆ. ಒಬ್ಬೊಬ್ಬರಿಗೂ ಒಂದೊಂದು ನಂಬರಿನ ಹಿತ್ತಾಳೆ ಬಿಲ್ಲೆ, ಅದೇ ನಂಬರು ತಲೆ ಮೇಲಿನ ಹೆಲ್ಮೆಟ್ಟಿಗೆ. ಒಳಗೆ ಹೋಗೋವಾಗ ಬಿಲ್ಲೆ ಪಂಪಿನವನ ಕೈಗೆ ಕೊಟ್ಟು ಹೋಗಬೇಕು, ಅವನು ಮೊಳೆಗೆ ನೇತು ಹಾಕಬೇಕು, ಹೊರಗೆ ಬಂದ ಮೇಲೆ ವಾಪಸ್ ತಗೋಬೇಕು. ಬೋರ್ಡಿನಲ್ಲಿ ಒಂದು ಬಿಲ್ಲೆ ಇದ್ದರೆ ಒಳಗೆ ಒಂದು ಜೀವ ಇದೆ ಅಂತ ಲೆಕ್ಕ. ಆಫೀಸರು “ಬೋರ್ಡು?” ಅಂತಾರೆ, ಪಂಪಿನವನು “ಖಾಲಿ” ಅಂತಾನೆ, ಆಮೇಲೇ ನೀರು ನಿಲ್ಲಿಸೋದು, ಪೈಪು ಎಳೆಯೋದು. ಅಂದ್ರೆ ನನ್ನ ಬಾಯಿಂದ ಬರೋ ಆ ಒಂದು ಮಾತಿನ ಮೇಲೆ ಎಷ್ಟು ಜನರ ಪ್ರಾಣ ನಿಂತಿರುತ್ತೆ ಯೋಚನೆ ಮಾಡಿ. ಇಪ್ಪತ್ತೇಳು ವರ್ಷದವನ ಬಾಯಿ! ಆ ವಯಸ್ಸಲ್ಲಿ ನನ್ನ ಹೆಂಡ್ತೀನೇ ನನ್ನ ಮಾತು ನಂಬ್ತಿರಲಿಲ್ಲ.

ನಮ್ಮಲ್ಲಿ ಒಂಬತ್ತನೇ ನಂಬರಿನವನನ್ನ ಗಂಟಲಣ್ಣ ಅಂತ ಕರೀತಿದ್ವಿ. ಯಾಕೆ ಅಂತ ಬೇರೆ ಹೇಳಬೇಕಾ? ಆ ಮನುಷ್ಯ ಗುಟ್ಟು ಹೇಳಿದ್ರೆ ಠಾಣೆಯಲ್ಲಿದ್ದ ಕಳ್ಳನಿಗೂ ಕೇಳಿಸ್ತಿತ್ತು. ಆಳು ಕುಳ್ಳು, ಎದೆ ಅಗಲ, ಹೊಗೆಯೊಳಗೆ ಹೋದ್ರೆ ಅವನ ದನಿಯೇ ನಮಗೆ ದೀಪ. ಯಾರನ್ನೇ ಹೊರಗೆ ತರಲಿ, ಅವರನ್ನ ಮುಂದೆ ಬಿಟ್ಟು ತಾನು ಹಿಂದೆ ಬರ್ತಿದ್ದ, ಬರ್ತಾ ಒಂದೇ ಮಾತು ಕೂಗ್ತಿದ್ದ, “ಹಿಡ್ಕೊಳ್ಳಿ, ನಡೀರಿ, ಹಿಂದೆ ನಾನಿದ್ದೀನಿ!” ಬೀದಿ ತುದಿಗೆ ಕೇಳಬೇಕು, ಹಾಗೆ. ನನಗೂ ಅವನಿಗೂ ಒಂದೇ ತಟ್ಟೆ ಒಂದೇ ಲೋಟ. ಅವನ ಹೆಂಡತಿ, ನಮ್ಮತ್ತಿಗೆ, ಈ ಅಡುಗೆಮನೆ ನೋಡ್ಕೊಳ್ತಿದ್ರು. ನನಗೆ ಸಕ್ಕರೆ ಜಾಸ್ತಿ ಹಾಕಿ ಕೊಟ್ಟು “ಇವನಿಗೆ ಮಾತಲ್ಲಂತೂ ಸಿಹಿಯಿಲ್ಲ, ಹೊಟ್ಟೆಗಾದ್ರೂ ಹೋಗ್ಲಿ” ಅಂತಿದ್ರು.

ಹೀಗಿರೋವಾಗ ಒಂದಿನ ಮಧ್ಯಾಹ್ನ ಹತ್ತಿ ಗೋದಾಮಿಗೆ ಬೆಂಕಿ ಬಿತ್ತು. ಹತ್ತಿಯ ಹೊಗೆ ಅಂದ್ರೆ ಏನಂದ್ಕೊಂಡಿದ್ದೀರಿ... ಅಂಟೋ ಹೊಗೆ, ಬಿಳೀ ಕತ್ತಲು. ಆರು ಜನ ಒಳಗೆ ಹೋದ್ರು, ಆರು ಬಿಲ್ಲೆ ನೇತು ಹಾಕಿದೆ. ಅರ್ಧ ಗಂಟೆ ಆದ್ಮೇಲೆ ಒಬ್ಬೊಬ್ಬರೇ ಹೊರಗೆ ಬಂದ್ರು, ಮುಖಾನೆಲ್ಲ ಮಸಿ, ಯಾರು ಯಾರು ಅಂತ ಅವರ ಅವ್ವನಿಗೂ ಗುರುತು ಸಿಗಲ್ಲ. ಬಿಲ್ಲೆ ತಗೊಂಡ್ರು. ಗಂಟಲಣ್ಣನ ಜೊತೆಗಾರ ಗುಂಗುರು ಅಂತಿದ್ದ, ಗುಂಗುರು ಕೂದಲಿನವನು, ಒಳ್ಳೇ ಹುಡುಗ. ತನ್ನ ಬಿಲ್ಲೆ ತಗೊಂಡು “ಗಂಟಲಣ್ಣಂದೂ ಕೊಡು, ಅಲ್ಲಿ ಕೂತು ನೀರು ಕುಡೀತಿದ್ದಾನೆ” ಅಂದ. ನಾನೂ ಆ ಕಡೆ ನೋಡಿದೆ. ಟ್ಯಾಂಕಿನ ಹತ್ತಿರ ಒಬ್ಬ ತಲೆ ಬಗ್ಗಿಸಿ ನೀರು ಕುಡೀತಿದ್ದಾನೆ, ತಲೆ ಮೇಲೆ ಹೆಲ್ಮೆಟ್ಟು, ಹೆಲ್ಮೆಟ್ಟಿನ ಮೇಲೆ ಒಂಬತ್ತು. ಕೊಟ್ಟೆ. ಆಫೀಸರು “ಬೋರ್ಡು?” ಅಂದ್ರು. ನಾನು “ಖಾಲಿ” ಅಂದೆ. ಛಾವಣಿ ಬೀಳೋ ಹಾಗಿತ್ತು. ನೀರು ನಿಲ್ಲಿಸಿದೆ, ಪೈಪಿಗೆ ಕೈ ಹಾಕಿದೆ, ಎಳೆದೆ... ಸಲೀಸಾಗಿ ಬರ್ತಿತ್ತು. ಮಧ್ಯದಲ್ಲಿ ಒಂದು ಕ್ಷಣ ತಡೀತು. ಎಲ್ಲೋ ಸಿಕ್ಕಿಹಾಕ್ಕೊಂಡಿದೆ ಅಂತ ನಾನು ಕಾಲು ಊರಿ, ಬಲ ಹಾಕಿ, ಎಳೆದೆ. ಬಂತು.

ಏನಾಗಿತ್ತು ಗೊತ್ತಾ? ಒಳಗೆ ಇಬ್ಬರು ಹಮಾಲರು ಸಿಕ್ಕಿಹಾಕ್ಕೊಂಡಿದ್ರು. ಒಬ್ಬನನ್ನ ಬಾಗಿಲ ತನಕ ತಂದು, ಮೇಲಿಂದ ಕಿಡಿ ಬೀಳ್ತಿದೆ ಅಂತ ತನ್ನ ಹೆಲ್ಮೆಟ್ಟು ಬಿಚ್ಚಿ ಅವನ ತಲೆಗಿಟ್ಟು ಹೊರಗೆ ಕಳಿಸಿ, ನಮ್ಮಣ್ಣ ಇನ್ನೊಬ್ಬನಿಗಾಗಿ ತಿರುಗಿ ಒಳಗೆ ಹೋಗಿದ್ದ. ನೀರು ಕುಡೀತಿದ್ದವನು ಆ ಹಮಾಲ! ಆಮೇಲೆ ಇಬ್ಬರನ್ನೂ ಹುಡುಕಿದಾಗ ಬಾಗಿಲಿಂದ ಹತ್ತೇ ಹೆಜ್ಜೆ ಒಳಗಿದ್ರು. ಗಂಟಲಣ್ಣನ ಎರಡೂ ಅಂಗೈ ಏನನ್ನೋ ಹಿಡ್ಕೊಂಡಿದ್ದ ಹಾಗೇ ಮಡಚಿಕೊಂಡಿತ್ತು. ಏನನ್ನ ಹಿಡ್ಕೊಂಡಿದ್ದ? ನಾನು ಎಳೆದದ್ದನ್ನ.

ವಿಚಾರಣೆ ಆಯ್ತು, ಯಾರದೂ ತಪ್ಪಿಲ್ಲ ಅಂತ ಬರೆದ್ರು. ಗುಂಗುರು ಆ ಬಿಲ್ಲೆ ಅತ್ತಿಗೆ ಕೈಗೆ ಕೊಟ್ಟು, ಕೆಲಸ ಬಿಟ್ಟು ಹೋದ. ನಮ್ಮ ಆಫೀಸರು ಒಂದು ನಿಯಮ ಬರೆದು ಗೋಡೆಗೆ ಅಂಟಿಸಿದ್ರು, ಇನ್ನು ಮುಂದೆ ಅವರವರ ಬಿಲ್ಲೆ ಅವರವರೇ ಕೈಯಾರೆ ತೆಗೀಬೇಕು, ಒಬ್ಬರದು ಇನ್ನೊಬ್ಬರು ಮುಟ್ಟಬಾರದು ಅಂತ. ಒಂಬತ್ತನೇ ನಂಬರನ್ನ ಯಾರಿಗೂ ಕೊಡಲಿಲ್ಲ, ಆ ಮೊಳೆ ಹಾಗೇ ಖಾಲಿ ಬಿತ್ತು. ತಿಂಗಳಾದ್ಮೇಲೆ ಅತ್ತಿಗೆ ನಮ್ಮನೆ ಬಾಗಿಲಿಗೆ ಬಂದ್ರು. ಬಯ್ಯಲಿಲ್ಲ, ಅಳಲಿಲ್ಲ. ನನ್ನ ಕೈ ಹಿಡಿದು ಅಂಗೈಯಲ್ಲಿ ಆ ಬಿಲ್ಲೆ ಇಟ್ಟು, ನನ್ನ ಬೆರಳು ಒಂದೊಂದಾಗಿ ಮಡಚಿ, “ನಿನ್ನ ಕೈಯಿಂದಲೇ ಹೋಯ್ತು. ನಿನ್ನ ಕೈಯಲ್ಲೇ ಇರಲಿ” ಅಂದ್ರು. ಅಷ್ಟೇ. ಈ ಡಬ್ಬೀಲಿ ಹಾಕಿ, ಪೆಟ್ಟಿಗೇಲಿಟ್ಟು ಬೀಗ ಹಾಕಿದೆ. ಅಲ್ಲಿಂದ ಆರು ವರ್ಷ ಅತ್ತಿಗೆ ನನ್ನ ಜೊತೆ ಮಾತಾಡಲಿಲ್ಲ. ಚಹಾ ಕೊಡ್ತಿದ್ರು, ಲೋಟ ಮೇಜಿನ ಮೇಲಿಟ್ಟು ಮುಖ ತಿರುಗಿಸಿಕೊಂಡು ಹೋಗ್ತಿದ್ರು. ಸಕ್ಕರೆ ಇರ್ತಿರಲಿಲ್ಲ. ನಾನೂ ಕೇಳಲಿಲ್ಲ, ಯಾವ ಮುಖ ಇಟ್ಕೊಂಡು ಕೇಳಲಿ?

ಆರು ವರ್ಷ ಆಯ್ತು. ಒಂದಿನ ಮಳೆ, ಇದೇ ಥರ ಹಿಡಿದ ಮಳೆ, ಬೆಳಗ್ಗೆ ಹನ್ನೊಂದೂವರೆಗೆ ಗಂಟೆ ಹೊಡೀತು. ಕೆಳಗೆ ಬಣ್ಣದ ಅಂಗಡಿ, ಮೇಲೆ ಶಿಶುವಿಹಾರ. ಯಾವ ಪುಣ್ಯಾತ್ಮ ಬಾಡಿಗೆಗೆ ಕೊಟ್ಟನೋ! ಬಣ್ಣ, ಎಣ್ಣೆ, ಸ್ಪಿರಿಟ್ಟು ಎಲ್ಲ ಕೆಳಗೆ, ಪುಟ್ಟ ಮಕ್ಕಳೆಲ್ಲ ಮೇಲೆ. ಹೋಗಿ ನೋಡಿದ್ರೆ ಟೀಚರು ಮಕ್ಕಳನ್ನೆಲ್ಲ ರಸ್ತೆಗೆ ತಂದು ಸಾಲಾಗಿ ನಿಲ್ಲಿಸಿ, ಮಳೆಯಲ್ಲೇ ಹಾಜರಿ ಪುಸ್ತಕ ಹಿಡಿದು ಎಣಿಸಿ, “ಮೂವತ್ತೊಂದಕ್ಕೆ ಮೂವತ್ತೊಂದು ಇದ್ದಾರೆ ಸಾರ್, ಒಳಗೆ ಯಾರೂ ಇಲ್ಲ” ಅಂತ ಅಳ್ತಾ ಅಳ್ತಾ ನಗ್ತಿದ್ರು. ಪೊಲೀಸಿನವರೂ ಇನ್ನೊಂದು ಸಲ ಎಣಿಸಿದ್ರು. ಸರಿ ಇತ್ತು. ಆದ್ರೂ ನಮ್ಮ ಆರು ಜನ ಒಳಗೆ ಹೋದ್ರು, ಬೆಂಕಿ ಪಕ್ಕದ ಮನೆಗಳಿಗೆ ಹಬ್ಬಬಾರದಲ್ಲ. ಆರು ಬಿಲ್ಲೆ ನೇತು ಹಾಕಿದೆ. ಎರಡು, ಮೂರು, ಐದು, ಎಂಟು, ಹತ್ತು, ಹನ್ನೆರಡು. ನೀರಿನ ಒತ್ತಡ ನೋಡೋಕೆ ಮುಳ್ಳಿನ ಕಡೆ ತಿರುಗಿದೆ, ಮತ್ತೆ ಬೋರ್ಡಿನ ಕಡೆ ತಿರುಗಿದೆ...

ಏಳಿದ್ವು.

ಎಂಟಕ್ಕೂ ಹತ್ತಕ್ಕೂ ನಡುವೆ, ಆರು ವರ್ಷ ಖಾಲಿ ಬಿದ್ದ ಮೊಳೇಲಿ, ಒಂಬತ್ತು. ಸಣ್ಣಗೆ ತೂಗಾಡ್ತಿತ್ತು, ಈಗ ತಾನೇ ಯಾರೋ ಹಾಕಿ ಹೋದ ಹಾಗೆ. ಯಾರಾದ್ರೂ ತಮಾಷೆ ಮಾಡಿದ್ರಾ? ಯಾರು ಮಾಡ್ತಾರೆ? ಪೆಟ್ಟಿಗೆಗೆ ಬೀಗ, ಬೀಗದ ಕೈ ನನ್ನ ಸೊಂಟದಲ್ಲಿ. ಬೆರಳಿಂದ ಮುಟ್ಟಿದೆ. ಮಳೆ ಸುರೀತಿದೆ, ಉಳಿದ ಆರೂ ಮಂಜುಗಡ್ಡೆ ಥರ ಇದಾವೆ, ಒಂಬತ್ತು ಮಾತ್ರ ಬಿಸಿ! ಕೈ ಸುಡೋವಷ್ಟು ಬಿಸಿ.

ಇಪ್ಪತ್ತು ನಿಮಿಷಕ್ಕೆ ಆರು ಜನಾನೂ ಹೊರಗೆ ಬಂದ್ರು. ಮೆಟ್ಟಿಲು ಬಿರುಕು ಬಿಟ್ಟಿದೆ, ಇನ್ನು ಇರೋದು ಕ್ಷೇಮ ಅಲ್ಲ ಅಂದ್ರು. ಅವರವರ ಬಿಲ್ಲೆ ಅವರವರೇ ತಗೊಂಡ್ರು. ಆಫೀಸರು ದೂರದಿಂದಲೇ ಕೂಗಿದ್ರು, “ಬೋರ್ಡು?”

ನಾನು ಇನ್ನೊಂದು ಸಲ ಆ ಮೊಳೆ ನೋಡಿದೆ.

“ಬೋರ್ಡು ಕಣಯ್ಯಾ!”

“ಖಾಲಿ ಇಲ್ಲ ಸಾರ್.”

“ಯಾವುದಿದೆ?”

“ಒಂಬತ್ತು.”

ಅಲ್ಲಿದ್ದವರೆಲ್ಲ ಹಾಗೇ ನಿಂತುಬಿಟ್ರು. ಆಫೀಸರು ಓಡಿ ಬಂದು ಬೋರ್ಡು ನೋಡಿದ್ರು, ನನ್ನ ಮುಖ ನೋಡಿದ್ರು. ಒಳ್ಳೇ ಮನುಷ್ಯ, ಸಿಟ್ಟಿಗಿಂತ ಮರುಕ ಜಾಸ್ತಿ ಇತ್ತು ಕಣ್ಣಲ್ಲಿ. “ನೀನೇ ತಂದು ಹಾಕಿದ್ದೀಯ. ಆರು ವರ್ಷದಿಂದ ಒಳಗೊಳಗೇ ಕೊರಗಿ ತಲೆ ಕೆಡಿಸ್ಕೊಂಡಿದ್ದೀಯ. ತೆಗಿ ಅದನ್ನ” ಅಂದ್ರು. ನಾನು ಕದಲಲಿಲ್ಲ. ಅವರೇ ಕೈ ಚಾಚಿದ್ರು. ನಾನು ಆ ಕೈ ಹಿಡ್ಕೊಂಡೆ! ಆಫೀಸರ ಕೈಯನ್ನ, ಎಲ್ಲರ ಎದುರಿಗೆ! “ಸಾರ್, ನೀವೇ ಬರೆದದ್ದು, ಅವರವರ ಬಿಲ್ಲೆ ಅವರವರೇ ತೆಗೀಬೇಕು. ಅವನು ಬಂದು ತೆಗೀಲಿ. ಒಂದು ಸಲ ನನ್ನ ಕೈಯಾರೆ ಕೊಟ್ಟು ತಪ್ಪು ಮಾಡಿದ್ದೀನಿ, ಇನ್ನೊಂದು ಸಲ ಮಾಡಲ್ಲ. ನನ್ನ ಕೆಲಸ ಬೇಕಾದ್ರೆ ತಗೊಳ್ಳಿ.”

“ಛಾವಣಿ ಬೀಳುತ್ತೆ, ಎಳೀರೋ ಪೈಪು!” ಅಂತ ಅವರು ಅಬ್ಬರಿಸಿದ್ರು. ಇಬ್ಬರು ಎಳೆಯೋಕೆ ಶುರು ಮಾಡಿದ್ರು. ಎರಡು ಮಾರು ಬಂತು. ಆಮೇಲೆ... ನಿಂತಿತು. ಎಲ್ಲೋ ಸಿಕ್ಕಿಹಾಕ್ಕೊಂಡಿದೆ, ಜೋರಾಗಿ ಎಳೆಯೋಣ ಅಂದ ಅವರಲ್ಲೊಬ್ಬ. ಅದೇ ಮಾತು! ಆರು ವರ್ಷದ ಹಿಂದೆ ನಾನೇ ಅಂದ್ಕೊಂಡ ಅದೇ ಮಾತು ಕೇಳಿ ನಾನು ಪಂಪು ಬಿಟ್ಟು ಓಡಿ ಆ ಪೈಪಿನ ಮೇಲೆ ಬೋರಲು ಬಿದ್ದು, ಎರಡೂ ಕೈಯಲ್ಲಿ ತಬ್ಬಿಕೊಂಡು, “ಯಾರೂ ಮುಟ್ಟಬೇಡಿ, ಮುಟ್ಟಿದ್ರೆ ನನ್ನ ಕೈ ಕಡಿದು ಮುಟ್ಟಿ!” ಅಂತ ಕಿರುಚಿದೆ. ಹುಚ್ಚ ಅಂದ್ರು. ಅನ್ನಲಿ. ಎದೆಯ ಕೆಳಗೆ ಪೈಪಿನಲ್ಲಿ ನೀರು ದಡದಡ ಅಂತ ಓಡ್ತಿತ್ತು, ಜೀವ ಇರೋ ಪ್ರಾಣಿ ಥರ. ಆವಾಗ, ಒಳಗಿಂದ ಪೈಪನ್ನ ಯಾರೋ ಎಳೆದ್ರು. ಒಂದು... ಎರಡು... ಮೂರು. ನಮ್ಮಲ್ಲಿ ಮೂರು ಎಳೆತ ಅಂದ್ರೆ ಏನು, ಪಂಪಿನ ಹುಡುಗಿ, ನೀನೇ ಹೇಳು? ‘ಜನ ಇದ್ದಾರೆ’ ಅಂತೀಯಾ? ಹೌದು. ಪೈಪು ಹಿಡಿದಿದ್ದ ಆ ಇಬ್ಬರ ಕೈಗೂ ಅದು ತಾಗಿತು. ಅವರ ಮುಖದ ಬಣ್ಣ ನೋಡಬೇಕಿತ್ತು ನೀವು!

ಆಫೀಸರು ಮುಂದೆ ಬಂದ್ರು. ತಮ್ಮ ಕುತ್ತಿಗೆಯಿಂದ ಒಂದನೇ ನಂಬರಿನ ಬಿಲ್ಲೆ ಕಿತ್ತು ನನ್ನ ಕೈಗೆ ಕೊಟ್ಟು, ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿ, ಬಾಗಿಲ ಕಡೆ ನಡೆದ್ರು. ಅವರು ಹೊಸ್ತಿಲು ದಾಟೋ ಮುಂಚೆಯೇ ಹೊಗೆಯೊಳಗಿಂದ ಒಂದು ಕೈ ಬಂತು. ಇಷ್ಟೇ ಇಷ್ಟು ಕೈ... ನಾಲ್ಕು ವರ್ಷದ ಮಗುವಿನ ಕೈ, ಪೈಪಿನ ಮೇಲೆ. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಮತ್ತೊಂದು! ಕಣ್ಣು ಮುಚ್ಚಿಕೊಂಡು, ಕೆಮ್ಮಿಕೊಂಡು, ಎರಡೂ ಕೈಯಲ್ಲಿ ಪೈಪು ಹಿಡ್ಕೊಂಡು, ಗಂಟು ಸಿಕ್ಕ ಕಡೆಯೆಲ್ಲ ಕಿವಿ ತಡವಿ ನೋಡಿಕೊಂಡು ಬರ್ತಿದಾವೆ! ಆಫೀಸರು ಒಂದೊಂದನ್ನೂ ಎತ್ತಿ ಹಿಂದಕ್ಕೆ ಕೊಡ್ತಿದ್ರೆ ನಮ್ಮವರು, ಪೊಲೀಸಿನವರು, ಆಂಬುಲೆನ್ಸಿನವರು ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದ್ರು. ಏಳು ಮಕ್ಕಳು. ಮಧ್ಯಾಹ್ನದ ತರಗತಿಯವು. ಮಳೆ ಅಂತ ಮನೆಯವರು ಬೇಗ ತಂದು ಬಿಟ್ಟು ಹೋಗಿದ್ರು, ಹಾಜರಿ ಪುಸ್ತಕದಲ್ಲಿ ಇನ್ನೂ ಹೆಸರೇ ಏರಿರಲಿಲ್ಲ, ಟೀಚರಿಗೆ ಹೇಳದೆ ಶಿಶುವಿಹಾರದ ಆಯಮ್ಮ ಹಿಂದಿನ ಕೋಣೆಯಲ್ಲಿ ಕೂರಿಸಿಕೊಂಡಿದ್ರು. ಪುಸ್ತಕ ಎಣಿಸಿದ್ರೆ ಎಲ್ಲ ಸರಿ, ನಮ್ಮ ಆರು ಬಿಲ್ಲೆ ಎಣಿಸಿದ್ರೆ ಎಲ್ಲ ಸರಿ. ಮನುಷ್ಯರನ್ನ ಎಣಿಸಿದವನು ಒಬ್ಬನೇ.

ಆಫೀಸರು ಒಳಗೆ ನುಗ್ಗಿ ಕೊನೆಗೆ ಆ ಆಯಮ್ಮನನ್ನ ಹೆಗಲ ಮೇಲೆ ಹಾಕ್ಕೊಂಡು ಬಂದ್ರು. ರಸ್ತೆ ದಾಟಿದ್ರೋ ಇಲ್ವೋ, ಛಾವಣಿ ಧೊಪ್ಪಂತ ಕೆಳಗೆ ಬಂತು. ಕಿಡಿ ಮಳೆ ಮೇಲಕ್ಕೆ ಹಾರ್ತು. ಅವರು ಮಂಡಿಯೂರಿ ಕೂತು ಉಸಿರು ಎಳ್ಕೊಂಡು, ಎದ್ದು ಬಂದು, ನನ್ನ ಅಂಗೈಯಿಂದ ತಮ್ಮ ಬಿಲ್ಲೆ ತಾವೇ ತೆಗೆದ್ರು. ಆಮೇಲೆ ಮೆಲ್ಲಗೆ, ಮಗು ಥರ ಕೇಳಿದ್ರು, “ಬೋರ್ಡು?”

ನೋಡಿದೆ. ಎಂಟಕ್ಕೂ ಹತ್ತಕ್ಕೂ ನಡುವೆ ಬರೀ ಮೊಳೆ. ನಾನು ಇಷ್ಟೊತ್ತೂ ಪೈಪಿನ ಹತ್ತಿರವೇ ಇದ್ದೆ, ಯಾರೂ ಬೋರ್ಡಿನ ಹತ್ತಿರ ಹೋಗಿರಲಿಲ್ಲ. ಅವನು ಬಂದು ತೆಗೆದುಕೊಂಡಿದ್ದ... ತನ್ನ ಕೈಯಾರೆ, ನಿಯಮದ ಪ್ರಕಾರ! ನನಗೆ ಎಲ್ಲಿತ್ತೋ ಆ ದನಿ, ಗಂಟಲಣ್ಣನೇ ಕೂಗಿದ ಹಾಗೆ ಕೂಗಿದೆ, “ಖಾಲೀ ಸಾರ್! ಬೋರ್ಡು ಖಾಲಿ!” ಬೀದಿಯೇ ಹೋ ಅಂತು. ಆ ದಿನ ಮಳೆಯಲ್ಲಿ ಅಳದೇ ಇದ್ದವರು ಯಾರೂ ಇಲ್ಲ, ಅತ್ತದ್ದು ಅಂತ ಒಪ್ಪಿಕೊಂಡವರೂ ಯಾರೂ ಇಲ್ಲ.

ಮಕ್ಕಳನ್ನ ಒಣಗಿಸೋಕೆ ಅಂತ ಇದೇ ಅಡುಗೆಮನೆಗೆ ಕರ್ಕೊಂಡು ಬಂದ್ವಿ. ಅತ್ತಿಗೆ ಕಂಬಳಿ ಹೊದಿಸಿ ಹಾಲು ಕೊಡ್ತಿದ್ರು. ಆಯಮ್ಮ ಬೆಂಚಿನ ಮೇಲೆ ಮಲಗಿದ್ದವರು ನಮ್ಮನ್ನ ನೋಡಿ, “ನಿಮ್ಮವರೊಬ್ಬರು ಕುಳ್ಳಗಿರೋರು, ಅವರು ಬಂದ್ರಾ? ಅವರೇ ಅಲ್ವಾ ನಮಗೆ ಪೈಪು ತೋರಿಸಿದ್ದು? ತಲೆಗೆ ಹೆಲ್ಮೆಟ್ಟೂ ಇರಲಿಲ್ಲ ಪಾಪ” ಅಂದ್ರು. ಅಷ್ಟರಲ್ಲಿ ಒಂದು ಪುಟ್ಟಿ, ಹಾಲಿನ ಮೀಸೆ ಮಾಡ್ಕೊಂಡು, “ಆ ಮಾಮ ಎಷ್ಟು ಜೋರಾಗಿ ಕಿರುಚ್ತಾರೆ ಗೊತ್ತಾ? ಹಿಡ್ಕೊಳ್ಳಿ, ನಡೀರಿ, ಹಿಂದೆ ನಾನಿದ್ದೀನಿ ಅಂತ!” ಅಂತು. ದನಿ ದಪ್ಪ ಮಾಡಿ, ಥೇಟ್ ಅವನ ಹಾಗೆ.

ಅತ್ತಿಗೆ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. ಆಮೇಲೆ, ಕಣ್ಣೀರು ಸುರೀತಿದೆ, ಮುಖದಲ್ಲಿ ಮಾತ್ರ ಆರು ವರ್ಷದ ಮೇಲೆ ಮೊದಲನೇ ನಗು, “ಊರಲ್ಲಿ ಎಲ್ಲಿ ಬೆಂಕಿ ಬಿದ್ರೂ ದಾರಿ ಗೊತ್ತಿರುತ್ತೆ ಆ ಮನುಷ್ಯನಿಗೆ. ಮನೆಗೆ ಬರೋ ದಾರಿ ಒಂದು ಗೊತ್ತಿಲ್ಲ” ಅಂದ್ರು. ಚಹಾ ಸುರಿದ್ರು, ಸಕ್ಕರೆ ಹಾಕಿದ್ರು, ಒಂದು ಚಮಚ, ಎರಡು, ಮೂರು... ತಂದು ನನ್ನ ಕೈಯಲ್ಲೇ ಇಟ್ರು. ನಾನು ಕುಡಿದ ಚಹಾದಲ್ಲೆಲ್ಲ ಅಂಥಾ ಚಹಾ ಇನ್ನೊಂದಿಲ್ಲ. ಕುಡಿಯೋಕಾಗದಷ್ಟು ಸಿಹಿ.

ಮನೆಗೆ ಹೋಗಿ ಬೀಗ ತೆಗೆದು ಡಬ್ಬಿ ಬಿಚ್ಚಿದೆ. ಬಿಲ್ಲೆ ಒಳಗಿತ್ತು. ಒದ್ದೆ, ಮಸಿ, ಇನ್ನೂ ಬೆಚ್ಚಗೆ.

*

ತಾತ ನಿಲ್ಲಿಸಿದರು. ತಗಡಿನ ಛಾವಣಿಯ ಮೇಲೆ ಮಳೆ ಒಂದೇ ಸಮನೆ ಬಡಿಯುತ್ತಿತ್ತು. ನಮ್ಮ ಚಹಾ ತಣ್ಣಗಾಗಿತ್ತು. ನಾನು “ಆಮೇಲೆ ಮತ್ತೆ ಬಂದಿದ್ರಾ ತಾತ?” ಎಂದೆ.

“ಬರದೆ ಏನು? ಆ ಸೇತುವೆ ಕುಸಿದ ವರ್ಷ ಬಂದ. ಸಿನಿಮಾ ಟಾಕೀಸು ಉರಿದಾಗ ಬಂದ, ಆವತ್ತು ಇನ್ನೂರು ಜನ. ಎಲ್ಲ ಸೇರಿ ಐದು ಸಲ. ಐದು ಸಲವೂ ಒಂದು ಹೆಣ ಬೀಳಲಿಲ್ಲ ಕಣಮ್ಮ, ಒಂದೂ! ಬರೋ ದಿನ ಡಬ್ಬಿ ಮೊದಲೇ ಖಾಲಿಯಾಗುತ್ತೆ. ನನಗೆ ಅಷ್ಟು ಗುರುತು.”

ಟೈಲರ್ ಸಾಹೇಬರಾಗಿದ್ದ ಕಾನ್‌ಸ್ಟೆಬಲ್‌ಗೆ ಅಷ್ಟು ಹೊತ್ತಿಗೆ ಧೈರ್ಯ ಮರಳಿತ್ತು. “ಎಲ್ಲಿ ತಾತ, ಆ ಬಿಲ್ಲೆ ತೋರಿಸಿ ನೋಡೋಣ. ಪೊಲೀಸಿನವರಿಗೆ ಸಾಕ್ಷಿ ಬೇಕು” ಎಂದ.

ತಾತ ಡಬ್ಬಿಯನ್ನು ಲಾಂದ್ರದ ಹತ್ತಿರ ಹಿಡಿದು ಮುಚ್ಚಳ ತೆಗೆದರು. ಒಳಗೆ ಮಸಿ ಹಿಡಿದ ಒಂದು ದುಂಡನೆಯ ಗುರುತು ಬಿಟ್ಟರೆ ಏನೂ ಇರಲಿಲ್ಲ.

“ಮಧ್ಯಾಹ್ನ ಮೂರು ಗಂಟೆಯಿಂದ ಇಲ್ಲ” ಎಂದರು. “ಇಲ್ಲದಿದ್ರೆ ಇಂಥಾ ಮಳೇಲಿ ನಿಮಗೆ ಕತೆ ಹೇಳೋಕೆ ಬರ್ತೀನಾ? ನನಗೇನು ಹುಚ್ಚಾ?”

ಯಾರೂ ನಗಲಿಲ್ಲ. ಪಂಪಿನ ಹುಡುಗಿ ಟಾರ್ಚು ಹಿಡಿದು ವಾಹನದ ಆ ಕಡೆಗೆ ಹೋದಳು. ಅವಳ ಹೆಜ್ಜೆ ನಿಂತದ್ದು ಕೇಳಿಸಿತು. ನಾನು ಎದ್ದು ಹೋಗಿ ಅವಳ ಭುಜದ ಮೇಲಿಂದ ನೋಡಿದೆ. ಹನ್ನೆರಡು ಮೊಳೆಗಳಲ್ಲಿ ಹನ್ನೊಂದು ಖಾಲಿ. ಒಂದರಲ್ಲಿ ಹಳೆಯ ಹಿತ್ತಾಳೆ ಬಿಲ್ಲೆ. ಗಾಳಿಯೇ ಇಲ್ಲದ ಶೆಡ್ಡಿನಲ್ಲಿ ಅದು ಸಣ್ಣಗೆ ತೂಗಾಡುತ್ತಿತ್ತು.

ಆಗ ಗಂಟೆ ಹೊಡೆಯಿತು. ಕಂಟ್ರೋಲ್ ರೂಮಿನವರು ಕಿಟಕಿಯಿಂದ ಕೂಗಿದರು. ಎಂಟು ಅಂತಸ್ತಿನ ಕಟ್ಟಡ, ನೆಲಮಾಳಿಗೆಯ ಕರೆಂಟು ಪೆಟ್ಟಿಗೆ ಉರಿಯುತ್ತಿದೆ, ಮೆಟ್ಟಿಲ ತುಂಬ ಹೊಗೆ, ಜನ ಮೇಲೆ ಸಿಕ್ಕಿಕೊಂಡಿದ್ದಾರೆ. ಎಷ್ಟು ಜನವೆಂದು ಗೊತ್ತಿಲ್ಲ. ಒದ್ದೆ ಬೂಟುಗಳಿಗೆ ಕಾಲು ತೂರಿಸಿಕೊಂಡು ಎಲ್ಲರೂ ಓಡಿದೆವು. ಅಗ್ನಿಶಾಮಕ ವಾಹನ ಹೊರಟಿತು, ಹಿಂದೆ ಪೊಲೀಸ್ ಜೀಪು, ಅದರ ಹಿಂದೆ ನಮ್ಮ ಆಂಬುಲೆನ್ಸು.

ಗೇಟಿನ ಬಳಿ ತಾತ ಕೊಡೆಯನ್ನೂ ಬಿಚ್ಚದೆ ಮಳೆಯಲ್ಲೇ ನಿಂತಿದ್ದರು. ಪಂಪಿನ ಹುಡುಗಿಯ ಕಿಟಕಿಗೆ ಕೈ ಬಡಿದು ಹೇಳಿದ್ದು ನನಗೂ ಸ್ಪಷ್ಟವಾಗಿ ಕೇಳಿಸಿತು.

“ನಿಮ್ಮ ಆಫೀಸರು ಏನೇ ಹೇಳಲಿ, ಆ ಬಿಲ್ಲೆ ಮೊಳೇಲಿ ಇರೋ ತನಕ ನೀರು ನಿಲ್ಲಿಸಬೇಡ ಮಗಳೇ, ಪೈಪು ಎಳೀಬೇಡ. ಎಲ್ಲರೂ ಹೊರಗೆ ಬರ್ತಾರೆ. ಹೆದರದೆ ಹೋಗಿ... ಹಿಂದೆ ಅವನಿದ್ದಾನೆ.”

ನಾನು ಆಂಬುಲೆನ್ಸಿನ ಕನ್ನಡಿ ನೋಡಿದೆ. ನಮ್ಮ ಹಿಂದೆ ಯಾವ ವಾಹನವೂ ಇರಲಿಲ್ಲ. ಖಾಲಿ ಸ್ಟ್ರೆಚರಿನ ಪಕ್ಕದಿಂದ, ಎಂಜಿನ್ನಿನ ಸದ್ದನ್ನೂ ಮಳೆಯ ಸದ್ದನ್ನೂ ಮೀರಿ, ಯಾರೋ ದೊಡ್ಡದಾಗಿ ಗಂಟಲು ಸರಿಮಾಡಿಕೊಂಡರು.